ಅಶ್ವತ್ಥಮ್ಮನ ಮನೆಗೆ ಬೆಕ್ಕು ಬಂದದ್ದು

1983ರ ಭಾದ್ರಪದದಲ್ಲಿ ಅಶ್ವತ್ಥಮ್ಮನ ಮನೆಯ ಮುದಿ ಬೆಕ್ಕು ಸತ್ತುಹೋಯಿತು. ಹನ್ನೊಂದು ವರ್ಷ ರೇಷ್ಮೆಯ ಹುಳುಮನೆಯಲ್ಲಿ ಇಲಿ ಹಿಡಿದ ಬೆಕ್ಕು. ಬೆಳಿಗ್ಗೆ ನೋಡಿದರೆ ಸೌದೆಯ ಒಟ್ಟಿಲ ಪಕ್ಕ ಸೆಟೆದುಕೊಂಡಿತ್ತು. ಹಿತ್ತಲ ನುಗ್ಗೆಮರದ ಬುಡದಲ್ಲಿ ಗುಂಡಿ ತೋಡಿ, ಒಂದು ಹಿಡಿ ಉಪ್ಪು ಹಾಕಿ ಮಣ್ಣು ಮುಚ್ಚಿದವಳು ಅಶ್ವತ್ಥಮ್ಮ. ಕೈಕಾಲು ತೊಳೆದು ಒಳಗೆ ಬಂದಾಗ ಅತ್ತೆ ಅಕ್ಕಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಗಂಡ ಕೋದಂಡರಾಮಪ್ಪ ಕಾಫಿಯ ಲೋಟ ಕೆಳಗಿಟ್ಟು, "ಇನ್ನೊಂದು ತಂದ್ರಾಯ್ತು ಬಿಡು," ಎಂದ.

ಅಶ್ವತ್ಥಮ್ಮ ಒಲೆಗೆ ಪುಳ್ಳೆ ತುರುಕುತ್ತ, "ತರೋದು ಬೇಡ," ಎಂದಳು.

ಸಂಕಟಕ್ಕೆ ಹಾಗೆ ಅಂದಳು ಎಂದುಕೊಂಡು ಯಾರೂ ಆ ಮಾತನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅವಳು ಮಾತ್ರ ಯೋಚಿಸಿಯೇ ಹೇಳಿದ್ದಳು.

ಅವಳು ಹುಟ್ಟಿದ್ದು ಆವನಿಯಲ್ಲಿ. ಹದಿನೇಳಕ್ಕೆ ಮದುವೆಯಾಗಿ ಬೈರಕೂರಿನ ಪಕ್ಕದ ಈ ಹಳ್ಳಿಗೆ ಬಂದಳು. ತವರಿನಲ್ಲಿ ರಾಗಿ, ಅವರೆ, ನಾಲ್ಕು ಮಾವಿನ ಮರ ಅಷ್ಟೇ. ರೇಷ್ಮೆಹುಳುವನ್ನು ಮೊದಲು ಮುಟ್ಟಿದ್ದು ಗಂಡನ ಮನೆಯಲ್ಲಿ. ಮದುವೆಯಾದ ಎಂಟನೇ ದಿನ ಅತ್ತೆ ಅವಳ ಮುಂದೆ ಹಿಪ್ಪುನೇರಳೆ ಸೊಪ್ಪಿನ ಮಂಕರಿಯನ್ನೂ ಕತ್ತಿಯನ್ನೂ ಇಟ್ಟು, "ಸಣ್ಣಗೆ ಹೆಚ್ಚಮ್ಮ, ಇನ್ನೂ ಎಳೇ ಹುಳ," ಎಂದಿದ್ದರು. ಇಪ್ಪತ್ತು ವರ್ಷದಿಂದ ಹೆಚ್ಚುತ್ತಲೇ ಇದ್ದಳು.

ಹುಳುವಿನ ಒಂದು ಬೆಳೆ ಎಂದರೆ ಇಪ್ಪತ್ತಾರು ಇಪ್ಪತ್ತೇಳು ದಿನ. ವರ್ಷಕ್ಕೆ ಐದು ಬೆಳೆ. ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟುವ ದಿನದವರೆಗೆ ದಿನಕ್ಕೆ ಐದು ಸಲ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಬೇಕು, ಹಿಕ್ಕೆ ತೆಗೆಯಬೇಕು, ತಟ್ಟೆ ಬದಲಿಸಬೇಕು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಲೆಯೆತ್ತಿಕೊಂಡು ಅಲುಗಾಡದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಇಲ್ಲಿನವರು ಅದಕ್ಕೆ ಜ್ವರ ಎನ್ನುತ್ತಾರೆ. ಹುಳಕ್ಕೆ ನಾಲ್ಕು ಸಲ ಜ್ವರ ಬಂದರೆ ಮನೆಯ ಹೆಂಗಸಿಗೆ ಕಂಬಳಿ ಒಗೆಯುವುದಕ್ಕೆ, ನೆಲ ಸಾರಿಸುವುದಕ್ಕೆ, ರಾಗಿ ಕೇರುವುದಕ್ಕೆ ನಾಲ್ಕು ದಿನ ಬಿಡುವು ಸಿಕ್ಕಿತು ಎಂದರ್ಥ. ತೋಟಕ್ಕೆ ನೀರು ಕಟ್ಟುವುದು, ಗೂಡನ್ನು ಮಾರ್ಕೆಟ್ಟಿಗೆ ಒಯ್ಯುವುದು ಗಂಡಸಿನ ಕೆಲಸ. ಬೆಳೆ ಚೆನ್ನಾಗಿ ಬಂದಾಗ ಊರವರು, "ಈ ಸಲ ಕೋದಂಡರಾಮಪ್ಪನ ಹುಳ ಚೆನ್ನಾಗಿ ಬಂತು," ಎನ್ನುತ್ತಿದ್ದರು.

ಮುಟ್ಟಾದ ಮೂರು ದಿನ ಹೆಂಗಸರು ಹುಳುಮನೆಗೆ ಕಾಲಿಡಬಾರದೆಂಬ ಕಟ್ಟುಪಾಡು ಮೊದಲು ಆ ಮನೆಯಲ್ಲೂ ಇತ್ತು. ಅಕ್ಕಯಮ್ಮನವರ ಕೈಲಿ ಆಗುವವರೆಗೆ ಅದು ನಡೆಯಿತು. ಅವರ ಮಂಡಿ ಹಿಡಿದುಕೊಂಡ ವರ್ಷ, "ಹುಳಕ್ಕೇನು ತಿಳೀತದೆ, ತಲೆಗೆ ನೀರು ಹಾಕ್ಕೊಂಡು ಒಳಕ್ಕೆ ಬಾ," ಎಂದುಬಿಟ್ಟರು. ಮೈಲಿಗೆ ಹೋಯಿತು. ಅದರೊಂದಿಗೆ ತಿಂಗಳಿಗೆ ಮೂರು ದಿನ ಕೂರುವ ಬಿಡುವೂ ಹೋಯಿತು.

ಬೆಕ್ಕು ಸಾಯುವುದಕ್ಕೆ ಮೂರು ವರ್ಷ ಮೊದಲು ಅಶ್ವತ್ಥಮ್ಮ ಸೊಪ್ಪು ಹೆಚ್ಚುತ್ತ ಕೂತಲ್ಲೇ ತೂಕಡಿಸಿ, ಎಡಗೈ ತೋರುಬೆರಳಿನ ತುದಿ ಕತ್ತರಿಸಿಕೊಂಡಿದ್ದಳು. ಮುಳಬಾಗಿಲಿನ ಡಾಕ್ಟರು ಹೊಲಿಗೆ ಹಾಕುತ್ತ, "ದಿನಕ್ಕೆ ಎಷ್ಟು ಗಂಟೆ ಮಲಗ್ತೀರಮ್ಮ?" ಎಂದು ಕೇಳಿದರು. ಅದುವರೆಗೆ ಯಾರೂ ಕೇಳಿರದ ಪ್ರಶ್ನೆ. ಅವಳು ಬಲಗೈ ಬೆರಳಲ್ಲಿ ಎಣಿಸಿದಳು. ಎಷ್ಟು ಎಣಿಸಿದರೂ ನಾಲ್ಕು ಗಂಟೆ ದಾಟಲಿಲ್ಲ. ಡಾಕ್ಟರು ಒಂದು ಟಾನಿಕ್ಕು ಬರೆದು, ಹಗಲು ಒಂದು ಗಂಟೆ ಮಲಗಲೇಬೇಕು ಎಂದರು. ಕೋದಂಡರಾಮಪ್ಪ ಟಾನಿಕ್ಕು ತಂದುಕೊಟ್ಟ. ಮಲಗುವ ವಿಷಯ ಯಾರೂ ಎತ್ತಲಿಲ್ಲ.

ಅವಳೇ ಎತ್ತಿಕೊಂಡಳು. ಮಾರನೆಯ ದಿನ ಊಟವಾಗಿ, ಪಾತ್ರೆ ತೊಳೆದಿಟ್ಟು, ಒಂದೂವರೆಗೆ ರಾಗಿ ಮೂಟೆಗಳ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿದಳು. ಎರಡೂವರೆಯ ಬಸ್ಸು ಹಾರನ್ ಹೊಡೆದಾಗ ಎದ್ದಳು. ಬಾಗಿಲು ಹಾಕಿಕೊಂಡು ಹಗಲು ಮಲಗುವ ಸೊಸೆ ಎಂದು ಊರು ಆಡಿಕೊಂಡಿತು. ಅತ್ತೆ ಬಾಗಿಲ ಹೊರಗೆ ಬೇಕೆಂದೇ ಕೆಮ್ಮಿದರು. ಗಂಡ ಹೊರಗಿನಿಂದ, "ಲೇ, ನನ್ನ ಟವಲ್ ಎಲ್ಲೇ?" ಎಂದು ಕೂಗಿದರೆ, "ನಿಮ್ಮ ಹೆಗಲ ಮೇಲೆ ನೋಡ್ಕೊಳ್ರಿ," ಎಂದು ಒಳಗಿಂದಲೇ ಹೇಳುತ್ತಿದ್ದಳು. ಬಹಳ ಸಲ ಅಲ್ಲೇ ಇರುತ್ತಿತ್ತು. ವರ್ಷದೊಳಗೆ ಎಲ್ಲರಿಗೂ ರೂಢಿಯಾಯಿತು.

ರೂಢಿಯಾಗದೆ ಉಳಿದದ್ದು ಬೆಕ್ಕಿಗೆ. ಅದಕ್ಕೆ ಮೊದಲಿನಿಂದ ಅನ್ನ ಕಲಸಿ ಹಾಕಿದ ಕೈ ಅವಳದು. ಅವಳು ಒಳಗೆ ಹೋದ ಹತ್ತು ನಿಮಿಷಕ್ಕೆ ಸರಿಯಾಗಿ ಬಾಗಿಲು ಪರಚುತ್ತಿತ್ತು. ಮನುಷ್ಯರಿಗಾದರೆ ಉತ್ತರ ಕೊಡಬಹುದು, ಬೆಕ್ಕಿಗೇನು ಹೇಳುವುದು? ಎದ್ದು ತೆಗೆಯುತ್ತಿದ್ದಳು. ಒಲೆಯ ಬೂದಿಯಲ್ಲಿ ಅದು ಮಾಡಿಟ್ಟದ್ದನ್ನು ಬಳಿಯುವುದು, ಅರ್ಧ ತಿಂದು ಬಿಟ್ಟ ಇಲಿಯನ್ನು ಎಸೆಯುವುದು, ಕೌದಿಯ ಗಂಟಿನಲ್ಲಿ ಮರಿ ಹಾಕಿದಾಗ ಅದರ ಬಾಣಂತನ ಮಾಡುವುದು ಎಲ್ಲ ಅವಳ ಪಾಲಿನದೇ. ಬೆಕ್ಕು ಸತ್ತ ಮೇಲಿನ ಒಂದು ತಿಂಗಳು ಅವಳು ದಿನವೂ ಒಂದು ಗಂಟೆ ಪೂರ್ತಿ ಮಲಗಿದಳು. ಮೂರು ವರ್ಷ ಹಟ ಹಿಡಿದು ಗಳಿಸಿದ ಗಂಟೆ ಆಗಷ್ಟೇ ಪೂರ್ತಿಯಾಗಿ ಕೈಗೆ ಬಂದಿತ್ತು.

ಆಮೇಲೆ ಇಲಿಗಳು ಬಂದವು.

ಆಶ್ವಯುಜದ ಬೆಳೆ ಮೂರನೇ ಜ್ವರದಿಂದ ಎದ್ದ ಬೆಳಿಗ್ಗೆ ಕೆಳಗಿನ ಸಾಲಿನ ಎರಡು ತಟ್ಟೆ ಹೆಚ್ಚುಕಡಿಮೆ ಖಾಲಿಯಾಗಿದ್ದವು. ತಲೆ ಮಾತ್ರ ಉಳಿದ ಹುಳುಗಳು, ಅಂಚಿನಲ್ಲಿ ಇಲಿಯ ಹಿಕ್ಕೆ. ಪಾಷಾಣ ಇಡುವಂತಿಲ್ಲ, ಅದರ ಸೋಂಕು ತಾಗಿದರೆ ಹುಳುವೂ ಉಳಿಯುವುದಿಲ್ಲ. ಬೋನಿಗೆ ಎರಡು ಬಿದ್ದವು. ಉಳಿದವು ಜಾಣವಾದವು.

"ನೋಡಿದ್ಯಾ?" ಎಂದ ಕೋದಂಡರಾಮಪ್ಪ. "ಬೆಕ್ಕು ಬೇಡ ಅಂದೆ. ಈಗ ನೋಡು, ಇಲಿಗಳಿಗೆ ದಿನಾ ಹಬ್ಬ."

"ಪಿಲ್ಲಿ ಇಲ್ದಿದ್ ಮನೆ ಒಂದು ಮನೇನಾ?" ಎಂದರು ಅಕ್ಕಯಮ್ಮ, ಬೆಕ್ಕಿಗೆ ತೆಲುಗಿನ ಹೆಸರು ಹಿಡಿದು. "ನನಗೂ ಒಂದು ಜತೆ ಆಗ್ತಿತ್ತು."

"ಸಾಕೋರು ಯಾರು?" ಎಂದಳು ಅಶ್ವತ್ಥಮ್ಮ.

"ಬೆಕ್ಕು ಸಾಕೋದೂ ಒಂದು ಕೆಲ್ಸಾನೇನೇ? ಅದರ ಪಾಡಿಗೆ ಅದು ಇರ್ತದೆ."

"ಕೆಲಸ ಅಲ್ದಿದ್ರೆ ನೀವೇ ಸಾಕಿ."

ಕೋದಂಡರಾಮಪ್ಪ ನಕ್ಕುಬಿಟ್ಟ. "ನಾನು ಬೆಕ್ಕಿಗೆ ಅನ್ನ ಕಲಸ್ಕೊಂಡು ಕೂತ್ಕೊಳ್ಳೋದಾ? ಚೆನ್ನಾಗಿರ್ತದೆ ನೋಡೋಕೆ. ಶಾಮಲ ನೋಡ್ಕೊಳ್ತಾಳೆ ಬಿಡು."

ದೊಡ್ಡ ಮಗಳನ್ನು ಶ್ರೀನಿವಾಸಪುರಕ್ಕೆ ಕೊಟ್ಟಾಗಿತ್ತು. ಚಿಕ್ಕವಳು ಶಾಮಲ ಒಂಬತ್ತನೇ ಕ್ಲಾಸು. ಸೊಪ್ಪಿನ ಮಂಕರಿಗೆ ಒರಗಿಕೊಂಡು ಸಮಾಜದ ಪುಸ್ತಕ ಓದುತ್ತಿದ್ದವಳು ತಲೆಯೆತ್ತಿ, "ನಾನ್ ನೋಡ್ಕೊಳ್ತೀನಮ್ಮ, ಬೆಕ್ಕಿನ ಮರಿ ಅಂದ್ರೆ ನನಗಿಷ್ಟ," ಎಂದಳು.

"ಇಷ್ಟ ಇದ್ರೆ ಆಡಿಸ್ಕೊ. ನೋಡ್ಕೊಳ್ಳೋದು ಬೇಡ," ಎಂದಳು ಅಶ್ವತ್ಥಮ್ಮ. "ಇವತ್ತು ಬೆಕ್ಕು, ನಾಳೆ ಹಸು, ನಾಡಿದ್ದು ಇಡೀ ಹುಳುಮನೆ. ನಾನೂ ಹಿಂಗೇ ಒಂದೊಂದಕ್ಕೂ ಹೂಂ ಅಂದಿದ್ದು. ನೀನು ಪುಸ್ತಕ ನೋಡು."

ಆದರೆ ಆ ಬೆಳೆ ಮುಗಿಯುವಷ್ಟರಲ್ಲಿ ಕಾಲು ಪಾಲು ಹುಳು ಹೋಗಿತ್ತು. ಇಲಿ ತಿಂದದ್ದು ಬರೀ ಹುಳುವಲ್ಲ. ದಿನಗಟ್ಟಲೆ ಅವಳು ಎದ್ದೆದ್ದು ಹಾಕಿದ ಸೊಪ್ಪು. ಬೆಕ್ಕು ಬೇಕು ಎಂಬುದು ಅವಳಿಗೂ ತಿಳಿದಿತ್ತು. ಇಲಿಗೂ ತನ್ನ ಕೆಲಸ ಕೊಡಬಾರದು, ಬೆಕ್ಕಿಗೂ ತನ್ನ ಗಂಟೆ ಕೊಡಬಾರದು. ಇದಕ್ಕೊಂದು ದಾರಿ ಹುಡುಕುತ್ತ ಗೂಡು ಬಿಡಿಸಿದಳು. ಎರಡು ದಿನ ಬಿಡಿಸಿದಳು. ಮೂರನೇ ದಿನ ಗಂಡನಿಗೆ ಮುದ್ದೆ ಬಡಿಸಿ, ಅವನು ಮೊದಲ ತುತ್ತು ಮುರಿಯುವ ಮೊದಲೇ ಹೇಳಿದಳು.

"ಬೆಕ್ಕು ತನ್ನಿ. ತರೋರು ನೀವು, ಸುತ್ತಿಸೋರು ನೀವು, ಮೊದಲನೇ ತುತ್ತು ಹಾಕೋರೂ ನೀವು."

ಅಕ್ಕಯಮ್ಮ ತಟ್ಟೆಯಿಂದ ಕೈ ಎತ್ತಿದರು.

ಆ ಸೀಮೆಯಲ್ಲಿ ಹೊಸ ಬೆಕ್ಕನ್ನು ಚೀಲದಲ್ಲಿ ಕಟ್ಟಿ ತಂದು, ಚೀಲದಿಂದ ತೆಗೆದು, ಎತ್ತಿಕೊಂಡು ಬೀಸೋಕಲ್ಲಿಗೆ ಮೂರು ಸುತ್ತು ಹಾಕುತ್ತಾರೆ. ಆಗ ಅದು ಹಳೇ ಮನೆಯ ದಾರಿ ಮರೆಯುತ್ತದಂತೆ. ಸುತ್ತು ಹಾಕಿದವರೇ ಅಂಗೈಯಲ್ಲಿ ಮೊಸರನ್ನ ಇಟ್ಟು ತಿನ್ನಿಸಬೇಕು. ಯಾರ ಅಂಗೈಯಲ್ಲಿ ತಿನ್ನುತ್ತದೋ ಅವರೇ ಅದಕ್ಕೆ ಕೊನೆಯವರೆಗೆ ಯಜಮಾನರು. ಹಸಿವಾದರೂ ಅವರನ್ನೇ ಕೇಳುತ್ತದೆ, ಗಲೀಜು ಮಾಡಿದರೂ ಅವರೇ ಬಳಿಯಬೇಕು. ಎಲ್ಲ ಮನೆಯಲ್ಲೂ ಇದನ್ನು ಮಾಡುವವರು ಹೆಂಗಸರು. ಗಂಡಸು ಮಾಡಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

"ಆಯ್ತು, ಆಯ್ತು," ಎಂದ ಕೋದಂಡರಾಮಪ್ಪ. ಮುದ್ದೆ ಆರುತ್ತಿತ್ತು.

ಮಂಗಳವಾರ ಅವನು ಮುಳಬಾಗಿಲಿಗೆ ಹೋದ. ಅಲ್ಲಿ ಗೌಸ್ ಮೊಹಿದ್ದೀನ್ ಎಂಬವರದು ರೇಷ್ಮೆ ನೂಲು ತೆಗೆಯುವ ಮನೆ. ಅವರ ಬೆಕ್ಕು ನಾಲ್ಕು ಮರಿ ಹಾಕಿತ್ತು. ಇರುವುದರಲ್ಲಿ ದುಂಡಗಿದ್ದ ಮರಿಯನ್ನು ಆರಿಸಿ, ಬಟ್ಟೆಯ ಚೀಲಕ್ಕೆ ಹಾಕಿಕೊಂಡು, ಊಟದ ಹೊತ್ತು ಕಳೆದ ಮೇಲೆ ಮನೆಗೆ ಬಂದ. ಚೀಲವನ್ನು ನಡುಮನೆಯಲ್ಲಿಟ್ಟು ರಾಗಿ ಕೋಣೆಯ ಬಾಗಿಲು ತಟ್ಟಿದ.

"ಲೇ, ತಂದಿದೀನಿ. ಎದ್ದು ಬಾ."

"ಸುತ್ತಿಸ್ರಿ," ಎಂದಿತು ಒಳಗಿನ ದನಿ.

"ಬಾಗ್ಲು ತೆಗಿಯೇ. ಒಂದೇ ಸಮ ಅರಚ್ಕೊಳ್ತಾ ಇದೆ."

"ಸುತ್ತಿಸಿ ತುತ್ತು ಹಾಕಿ. ಸುಮ್ಮನಾಗ್ತದೆ."

ಅವಳಿಗೆ ಆ ದಿನ ನಿದ್ದೆ ಹತ್ತಲಿಲ್ಲ. ಚೀಲದೊಳಗಿನ ಮರಿಯ ಕೂಗು ಬಾಗಿಲ ಸಂದಿಯಿಂದ ನೇರ ಎದೆಗೆ ಬರುತ್ತಿತ್ತು. ಎದ್ದು ಕೂತಳು. ಕೈ ತಾನಾಗಿ ಚಿಲಕದ ಮೇಲೆ ಹೋಯಿತು. ಒಂದು ಸಲ ತೆಗೆದರೆ ಸಾಕು. ಮರಿಗೆ ಅವಳ ಅಂಗೈ ಸಿಗುತ್ತದೆ, ಹನ್ನೊಂದು ವರ್ಷ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಚಿಲಕ ಬಿಟ್ಟು ಬಾಗಿಲಿಗೆ ಬೆನ್ನು ಕೊಟ್ಟು ಕೂತು, ರಾಗಿ ಮೂಟೆಗಳ ಮೇಲಿನ ಹೊಲಿಗೆಯನ್ನು ನೋಡತೊಡಗಿದಳು.

ಹೊರಗೆ ಅತ್ತೆಯ ದನಿ: "ಪಾಪ ಕಣೋ, ಬಿಚ್ಚೋ ಅದನ್ನ."

"ಅವಳು ಬರ್ಲಿ."

"ಅವಳು ಬರಲ್ಲ ಕಣೋ. ಬರೋ ಹಂಗಿದ್ರೆ ಇಷ್ಟೊತ್ತಿಗೆ ಬಂದಿರ್ತಿದ್ಲು."

"ನೀನೇ ಬಿಚ್ಚು ಹಂಗಾದ್ರೆ."

"ನನ್ನ ಮಂಡಿ ಇಟ್ಕೊಂಡು ಬೆಕ್ಕಿನ ಹಿಂದೆ ಓಡಾಡ್ಲಾ? ದೇವುಡಾ, ಒಪ್ಕೊಂಡೋನು ನೀನು."

ಆಮೇಲೆ ದಾರ ಬಿಚ್ಚಿದ ಸದ್ದು. ಕೋದಂಡರಾಮಪ್ಪ "ಅಯ್ಯೋ, ಪರಚ್ತು" ಎಂದ. ಅಕ್ಕಯಮ್ಮ ಕಿಸಕ್ಕನೆ ನಕ್ಕರು. ಬೀಸೋಕಲ್ಲಿನ ಸುತ್ತ ಹೆಜ್ಜೆಯ ಸದ್ದು ಒಂದು ಸುತ್ತು, ಎರಡು ಸುತ್ತು.

"ಇನ್ನೊಂದು ಬಾಕಿ," ಎಂದರು ಅಕ್ಕಯಮ್ಮ.

"ಗೊತ್ತು ಸುಮ್ನಿರಮ್ಮ. ಮೊಸರೆಲ್ಲಿ?"

"ಇಪ್ಪತ್ತು ವರ್ಷದಿಂದ ನೆಲುವಿನ ಮೇಲೇ ಇರ್ತದೆ."

ಅವಳು ಹೊರಗೆ ಬಂದಾಗ ಮರಿ ಕೋದಂಡರಾಮಪ್ಪನ ಅಂಗೈ ನೆಕ್ಕುತ್ತಿತ್ತು. ಅವನು ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದ.

ಮರಿ ತನ್ನ ಮಟ್ಟಿಗೆ ಸಂಪ್ರದಾಯವನ್ನು ಸರಿಯಾಗಿ ಪಾಲಿಸಿತು. ಹಸಿವಾದಾಗ ಅವನ ಪಂಚೆಯ ತುದಿ ಎಳೆಯಿತು, ಅವನ ಕಂಬಳಿಯ ಮೇಲೆ ಗಲೀಜು ಮಾಡಿತು, ಅವನ ಹಿಂದೆಯೇ ಕಾಫಿ ಹೋಟೆಲಿನವರೆಗೂ ಹೋಯಿತು. ಅಲ್ಲಿ ಬೆಂಚಿನ ಮೇಲೆ ಕೂತಿದ್ದ ಮುನಿರಾಮಪ್ಪ, "ಏನ್ಲಾ ಕೋದಂಡ, ಕೂಸಿಗೆ ಹಾಲು ಬಿಡ್ಸಿದ್ಯೋ ಇನ್ನೂ ಇಲ್ವೋ?" ಎಂದ. ಕೋದಂಡರಾಮಪ್ಪ ಮನೆಗೆ ಬಂದು ಎರಡು ದಿನ ಅನ್ನ ಹಾಕುವುದನ್ನು ಬಿಟ್ಟು ನೋಡಿದ. ಅಶ್ವತ್ಥಮ್ಮ ಮರಿಯನ್ನು ದಾಟಿಕೊಂಡು ಓಡಾಡಿದಳೇ ಹೊರತು ಬಗ್ಗಲಿಲ್ಲ. ಮರಿ ಇಡೀ ಹೊತ್ತು ಅವನ ಕಿವಿಯ ಹತ್ತಿರ ಕೂತು ಕೂಗಿತು. ಎರಡನೇ ದಿನ ಸಂಜೆ ಅವನೇ ಎದ್ದು ಅನ್ನ ಕಲಸಿದ.

ಮುಂದಿನ ಬೆಳೆ ಶುರುವಾಯಿತು. ಎರಡನೇ ಜ್ವರ ಕಳೆದ ಮೇಲೆ ಒಂದು ಮಧ್ಯಾಹ್ನ, ಹಾರನ್ನಿನ ಬದಲು ಗಂಡನ ಕೂಗಿಗೆ ಅವಳಿಗೆ ಎಚ್ಚರವಾಯಿತು. ಹುಳುಮನೆಯಲ್ಲಿ ಮರಿ ಸ್ಟ್ಯಾಂಡು ಹತ್ತಿ, ನಡುವಿನ ತಟ್ಟೆಯಲ್ಲಿ ಕಾಲು ಮಡಚಿ ಕೂತು, ಒಂದೊಂದೇ ಹುಳುವನ್ನು ನಿಧಾನವಾಗಿ ತಿನ್ನುತ್ತಿತ್ತು.

"ನೀನು ಮಲಗ್ದೆ ನೋಡ್ಕೊಂಡಿದ್ದಿದ್ರೆ ಹಿಂಗಾಗ್ತಿತ್ತಾ?" ಎಂದು ಅವನು ಗದರಿದ.

ಅಶ್ವತ್ಥಮ್ಮ ಮರಿಯ ಕುತ್ತಿಗೆ ಹಿಡಿದು ಎತ್ತಿ ಅವನ ಕೈಗೆ ಕೊಟ್ಟಳು. "ಇದನ್ನ ಮುಳಬಾಗಿಲಲ್ಲಿ ಯಾರ ಮನೆಯಿಂದ ತಂದ್ರಿ?"

"ಗೌಸ್ ಸಾಬರ ಮನೆಯಿಂದ. ಯಾಕೆ?"

"ಗೂಡು ಬೇಯ್ಸಿ ನೂಲು ತೆಗೆದ ಮೇಲೆ ಒಳಗಿನ ಹುಳ ಎಲ್ಲಿಗೆ ಹೋಗ್ತದೆ? ಅವರ ಹಿತ್ತಲಲ್ಲಿ ರಾಶಿ ಬಿದ್ದಿರ್ತದೆ. ತಾಯಿ ಬೆಕ್ಕು ಅದನ್ನೇ ತಿಂದಿರೋದು, ಮರೀನೂ ಅದನ್ನೇ ತಿಂದಿರೋದು. ಹುಳ ತಿಂದು ಬೆಳೆದಿದ್ದನ್ನ ತಂದು ಹುಳುಮನೆಗೆ ಬಿಟ್ಟಿದೀರ. ಇಷ್ಟು ಗುಂಡಗೆ ಯಾಕಿದೆ ಅಂತ ಒಂದು ಮಾತು ಕೇಳ್ಬಾರ್ದಿತ್ತಾ?"

ಮೆಹರ್ ಬಾನು, ಗೌಸ್ ಸಾಬರ ಹೆಂಡತಿ, ಮರಿ ಕೊಡುವಾಗ "ನಿಮ್ದು ಹುಳದ ಮನೆ ಅಲ್ವಾ ಅಣ್ಣಾ, ಬೇರೆ ಕಡೆ ನೋಡಿ" ಎಂದಿದ್ದು ಅವನಿಗೆ ಈಗ ನೆನಪಾಯಿತು. ಹೆಂಗಸು ಕೊಡಲು ಮನಸ್ಸಿಲ್ಲದೆ ಹೇಳುತ್ತಿದ್ದಾಳೆ ಎಂದುಕೊಂಡಿದ್ದ.

"ಎಲ್ಲಾದ್ರೂ ಬಿಟ್ಟು ಬರ್ತೀನಿ," ಎಂದು ಚೀಲ ಹುಡುಕಿದ.

"ಬಿಟ್ಟು ಬನ್ನಿ. ಇನ್ನೊಂದು ತನ್ನಿ. ಅದಕ್ಕೂ ನೀವೇ ಕಲಿಸ್ಬೇಕು."

"ಬೆಕ್ಕಿಗೆ ಕಲಿಸೋದೇನೇ? ಹಳೇದಕ್ಕೆ ಯಾರು ಕಲ್ಸಿದ್ರು?"

ಅಶ್ವತ್ಥಮ್ಮ ಅವನನ್ನೇ ನೋಡಿದಳು. ಹನ್ನೊಂದು ವರ್ಷ ಸ್ಟ್ಯಾಂಡಿನ ಕೆಳಗೆ ಮಾತ್ರ ಓಡಾಡಿ, ಒಂದು ಹುಳುವನ್ನೂ ಮುಟ್ಟದ ಬೆಕ್ಕು ಹುಟ್ಟಿನಿಂದಲೇ ಹಾಗಿತ್ತು ಎಂದು ಅವನು ನಿಜವಾಗಿಯೂ ನಂಬಿದ್ದ. ಶಾಮಲ ಇನ್ನೂ ಸೆರಗು ಹಿಡಿದು ತಿರುಗುತ್ತಿದ್ದ ವರ್ಷ ಅವಳು ನಾಲ್ಕು ತಿಂಗಳು ಆ ಬೆಕ್ಕಿನ ಹಿಂದೆ ಬಿದ್ದಿದ್ದಳು. ಅದೂ ಇದೇ ಮನೆಯಲ್ಲಿ, ಅವನ ಕಣ್ಣೆದುರಿಗೇ ನಡೆದದ್ದು.

"ನಾನು ಕಲ್ಸಿದ್ದು," ಎಂದಳು.

ಕೋದಂಡರಾಮಪ್ಪ ಚೀಲ ಹಿಡಿದುಕೊಂಡು ನಿಂತ. ಕಂಕುಳಲ್ಲಿ ಮರಿ ಅವನ ಅಂಗಿಯ ಗುಂಡಿ ಕಚ್ಚುತ್ತಿತ್ತು. ಚೀಲವನ್ನು ಕೆಳಗಿಟ್ಟು, "ಹೆಂಗೆ ಕಲ್ಸಿದೆ?" ಎಂದು ಕೇಳಿದ.

ಅವಳು ಹೇಳಿದಳು. ಸತ್ತ ಹುಳುವಿಗೆ ಖಾರದ ಪುಡಿ ಕಲಸಿ ಸವರಿ, ಹಿತ್ತಲಲ್ಲಿ ಮರಿಯ ಮುಂದೆ ಇಡಬೇಕು. ಹುಳುಮನೆಯೊಳಗೆ ಖಾರ ತರಬಾರದು. ಮುಟ್ಟಿದ ಕೈಯಲ್ಲಿ ಸೊಪ್ಪು ಮುಟ್ಟಿದರೆ ಹುಳು ಸಾಯುತ್ತದೆ, ಆದ್ದರಿಂದ ಆಮೇಲೆ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಮಧ್ಯಾಹ್ನ ಮನೆ ಸದ್ದಡಗಿದಾಗ ಮರಿ ಸ್ಟ್ಯಾಂಡು ಹತ್ತುತ್ತದೆ. ಆಗ ಕಡ್ಡಿ ಹಿಡಿದು ಕಾಯಬೇಕು, ಹೊಡೆಯಬಾರದು, ಮೂಗಿನ ಮುಂದೆ ನೆಲ ತಟ್ಟಬೇಕು. ಎಷ್ಟು ದಿನ ಎಂದು ಅವನು ಕೇಳಿದ. ಅದು ಕಲಿಯುವವರೆಗೆ ಎಂದಳು.

ಅವನು ಮಾಡಿದ. ಖಾರದ ಹುಳು ತಿಂದ ಮರಿ ಹನ್ನೆರಡು ಸಲ ಸೀನಿ, ಹಿತ್ತಲ ತುಂಬ ಓಡಿ, ಮಾರನೇ ದಿನ ಮತ್ತೆ ಹುಳುವಿಗೆ ಬಾಯಿ ಹಾಕಿತು. ಮತ್ತೆ ಖಾರ, ಮತ್ತೆ ಸ್ನಾನ. ಎರಡೆರಡು ಸಲ ಸ್ನಾನ ಮಾಡುವುದನ್ನು ಕಂಡ ಮುನಿರಾಮಪ್ಪ, "ಯಾವ್ದು ವ್ರತಾನಪ್ಪ?" ಎಂದು ಬೇಲಿಯಾಚೆಯಿಂದ ಕೇಳಿದ. ಐದನೇ ದಿನ ಕೋದಂಡರಾಮಪ್ಪ ಕಡ್ಡಿ ಹಿಡಿದುಕೊಂಡೇ ಗೋಡೆಗೊರಗಿ ತೂಕಡಿಸಿದ. ಅಷ್ಟರಲ್ಲಿ ಮರಿ ಎರಡು ಹುಳು ತಿಂದಿತ್ತು.

"ಆ ಹೊತ್ತಲ್ಲಿ ಕಣ್ಣು ಎಳೀತದೆ ಕಣೇ," ಎಂದ ಅವನು ಸಂಜೆ.

"ಹೂಂ," ಎಂದಳು ಅಶ್ವತ್ಥಮ್ಮ.

ಹನ್ನೊಂದನೇ ದಿನಕ್ಕೆ ಮರಿ ಹುಳುವನ್ನು ಕಂಡರೆ ಮೂಗು ಆಚೆ ತಿರುಗಿಸತೊಡಗಿತು. ನಾಲ್ಕನೇ ಜ್ವರದಿಂದ ಹುಳು ಎದ್ದ ಬೆಳಿಗ್ಗೆ ಬಾಗಿಲ ಹೊಸ್ತಿಲಲ್ಲಿ ಒಂದು ಇಲಿಯ ಬಾಲ ಬಿದ್ದಿತ್ತು. ತಟ್ಟೆಗಳು ತುಂಬಿದ್ದವು. ಬಾಲವನ್ನು ಎತ್ತಿ ಎಸೆದವನು ಕೋದಂಡರಾಮಪ್ಪ; ಅವಳು ಅದನ್ನು ದಾಟಿ ಸೊಪ್ಪು ತರಲು ಹೋಗಿದ್ದಳು.

ಗೂಡು ಬಿಡಿಸಿ ಮೂಟೆ ಕಟ್ಟಿದ ಮೇಲೆ ಅವನು ಕೋಲಾರದ ಮಾರ್ಕೆಟ್ಟಿಗೆ ಹೊರಟ. ಅಲ್ಲಿಂದ ಶ್ರೀನಿವಾಸಪುರಕ್ಕೆ ಹೋಗಿ ದೊಡ್ಡ ಮಗಳನ್ನು ನೋಡಿಕೊಂಡು ಬರಬೇಕಿತ್ತು. ಮೂಟೆಗಳನ್ನು ಗಾಡಿಗೆ ಹೇರಿ, ಚಪ್ಪಲಿ ಮೆಟ್ಟಿಕೊಂಡು, ಮತ್ತೆ ಬಿಟ್ಟು ಒಳಗೆ ಬಂದ. ಬೆಕ್ಕು ಅವನ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಅಶ್ವತ್ಥಮ್ಮ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒಡ್ಡುತ್ತಿದ್ದಳು.

"ಅಶ್ವತ್ಥ," ಎಂದ. ಸಾಮಾನ್ಯವಾಗಿ ಅವನು ಅವಳ ಹೆಸರು ಹಿಡಿದು ಕರೆಯುವವನಲ್ಲ. "ಎರಡು ದಿನ ಇದಕ್ಕೆ ನೀನು ಹಾಕ್ತೀಯಾ?"

ಅವಳು ತಟ್ಟೆಯನ್ನು ಗೋಡೆಗೆ ಒರಗಿಸಿ ಕೈಯ ನೀರು ಕೊಡವಿದಳು. ಈ ಮನೆಯಲ್ಲಿ ಮಾಡು ಎನ್ನುವವರಿದ್ದರು, ಮಾಡಲಿಲ್ಲವೇ ಎನ್ನುವವರಿದ್ದರು. ಮಾಡುತ್ತೀಯಾ ಎಂದವರು ಇರಲಿಲ್ಲ. ಹಾಗೆ ಕೇಳಿದ್ದಕ್ಕೆ ಕರಗಿಬಿಡುವವಳೂ ಅವಳಾಗಿರಲಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಮನಸ್ಸಿನಲ್ಲೇ ತೂಗಿ ನೋಡಿದಳು.

"ಬೆಳಿಗ್ಗೆ ಸಾಯಂಕಾಲ ಹಾಕ್ತೀನಿ. ಎರಡೇ ದಿನ. ಮಧ್ಯಾಹ್ನದ್ದು ಅತ್ತಮ್ಮಂಗೆ ಹೇಳಿ ಹೋಗಿ."

"ಮಧ್ಯಾಹ್ನ ನೀನೆಲ್ಲಿಗೆ ಹೋಗ್ತೀಯಾ?"

"ಎಲ್ಲಿಗೂ ಇಲ್ಲ," ಎಂದಳು ಅಶ್ವತ್ಥಮ್ಮ. "ಮಲಗಿರ್ತೀನಿ."